ನೂರು ಗ್ರಾಂ ಮೆಣಸಿನಕಾಯಿ ತಿನ್ನುವವರು ಯಾರು?

ನಾಗಪುರದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ಬಂದರೆ ಬುಟಿಬೋರಿ ಸಿಗುತ್ತದೆ. ಹೈದರಾಬಾದಿನ ದಾರಿ ಒಂದು ಕಡೆಗೆ, ವಾರ್ಧಾ ದಾರಿ ಇನ್ನೊಂದು ಕಡೆಗೆ ಕವಲೊಡೆಯುವ ಊರು ಇದು. ದೊಡ್ಡ ಕೈಗಾರಿಕಾ ಪ್ರದೇಶವಾದ್ದರಿಂದ ಹಗಲೂ ರಾತ್ರಿಯೂ ಲಾರಿಗಳ ಸಾಲು. ಹೈದರಾಬಾದಿನ ದಾರಿ ಅಂದೆನಲ್ಲ, ಅದು 44ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಅದನ್ನೇ ಹಿಡಿದು ಹೋಗುತ್ತಲೇ ಇದ್ದರೆ ಕರ್ನೂಲು, ಅನಂತಪುರ ದಾಟಿ ನಮ್ಮ ಬೆಂಗಳೂರಿಗೇ ಬಂದು ಮುಟ್ಟುತ್ತೀರಿ.

ಇಲ್ಲಿ ಓಡಾಡುವ ಲಾರಿಗಳ ಮೂತಿಯನ್ನೊಮ್ಮೆ ನೋಡಿ. ಬಂಪರಿನ ಹತ್ತಿರ ಒಂದು ದಾರ, ದಾರದಲ್ಲಿ ಪೋಣಿಸಿದ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ. ನಿಮ್ಮ ಊರಿನ ಅಂಗಡಿ ಬಾಗಿಲಲ್ಲೂ ಇದನ್ನು ನೋಡಿರುತ್ತೀರಿ. ದೃಷ್ಟಿ ತಾಗದಿರಲಿ ಅಂತ ಕಟ್ಟುತ್ತಾರೆ. ತಾಗುತ್ತದೋ ಇಲ್ಲವೋ ಎಂಬ ವಾದ ಇವತ್ತು ಬೇಡ. ನನ್ನ ಕಣ್ಣು ಬಿದ್ದದ್ದು ಬೇರೆ ಕಡೆಗೆ. ಒಂದೇ ದಾರದಲ್ಲಿ ಪಕ್ಕಪಕ್ಕ ನೇತಾಡುವ ಈ ಇಬ್ಬರಲ್ಲಿ ಪೌಷ್ಟಿಕಾಂಶ ಯಾರಲ್ಲಿ ಹೆಚ್ಚು?

ನಾಗಪುರ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳುವುದು ಸ್ವಲ್ಪ ಅಪಾಯವೇ, ನಿಂಬೆಯ ನೆಂಟ ಕಿತ್ತಳೆಯೂ ಜಗಳಕ್ಕೆ ಇಳಿಯುತ್ತದೆ. ಜಿಲ್ಲೆಯ ಒಂದು ತುದಿಯಲ್ಲಿ ಕಾಟೋಲ್, ನರಖೇಡ್‌ಗಳ ಕಿತ್ತಳೆ ತೋಟಗಳಿವೆ. ಅಲ್ಲಿನವರು ಸಂತ್ರಾ ಎನ್ನುವ ನಾಗಪುರ ಕಿತ್ತಳೆಗೆ 2014ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬುಟಿಬೋರಿಯಿಂದ ಪೂರ್ವಕ್ಕೆ ಹೊರಟು ಉಮರೇಡ್ ದಾಟಿದರೆ ಭಿವಾಪುರ. ಅಲ್ಲಿನ ಕೆಂಪು ಮೆಣಸಿನಕಾಯಿಗೂ ಅದೇ ಮಾನ್ಯತೆ ಇದೆ. ನಮ್ಮಲ್ಲಿ ಕೊಡಗಿನ ಕಿತ್ತಳೆ ಒಂದು ಕಡೆ, ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇನ್ನೊಂದು ಕಡೆ ಹೆಸರು ಮಾಡಿಲ್ಲವೇ? ಇಲ್ಲಿ ಎರಡೂ ಒಂದೇ ಜಿಲ್ಲೆಯಲ್ಲಿವೆ, ಅಷ್ಟೇ ವ್ಯತ್ಯಾಸ. ಕಿತ್ತಳೆ, ಮೂಸಂಬಿ, ನಿಂಬೆಗಳ ಮೇಲೆ ಸಂಶೋಧನೆ ಮಾಡುವುದಕ್ಕೆಂದೇ 1985ರಿಂದ ಒಂದು ಕೇಂದ್ರ ಸರ್ಕಾರಿ ಸಂಸ್ಥೆಯೂ ನಾಗಪುರದಲ್ಲಿದೆ.

ಪೌಷ್ಟಿಕಾಂಶ ಅಂದರೆ ಹತ್ತಾರು ಸಂಗತಿ. ಎಲ್ಲವನ್ನೂ ಹರಡಿಕೊಂಡು ಕೂತರೆ ನಿಮಗೆ ಆಕಳಿಕೆ ಬರುತ್ತದೆ. ಕಿತ್ತಳೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ವಿಟಮಿನ್ ಸಿ. ಹಾಗಾಗಿ ಅದನ್ನೇ ಹಿಡಿದುಕೊಳ್ಳೋಣ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದ ಆಹಾರಗಳನ್ನೆಲ್ಲ ಪರೀಕ್ಷಿಸಿ ಪಟ್ಟಿ ಮಾಡಿದೆ. ಬಹಳ ಕಾಲ ಬಳಕೆಯಲ್ಲಿದ್ದ ಅದರ ಹಳೆಯ ಪಟ್ಟಿಯನ್ನು ತೆರೆದರೆ, 100 ಗ್ರಾಂ ಕಿತ್ತಳೆಯಲ್ಲಿ 30 ಮಿಲಿಗ್ರಾಂ ವಿಟಮಿನ್ ಸಿ. ನಿಂಬೆಯಲ್ಲಿ 63. ಹಸಿಮೆಣಸಿನಕಾಯಿಯಲ್ಲಿ? 111! ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಮೆಣಸಿನಕಾಯಿ ಇನ್ನೂ ಮೇಲಕ್ಕೆ ಹೋಗಿದೆ: ಖಾರದ ಹಸಿರು ಮೆಣಸಿನಕಾಯಿಗೆ 242 ಮಿಲಿಗ್ರಾಂ. ಸಂತ್ರಾ ಜಾತಿಯ ಸಡಿಲ ಸಿಪ್ಪೆಯ ಕಿತ್ತಳೆಗೆ ಅಲ್ಲಿ ಸುಮಾರು 27. ಪಟ್ಟಿಯಿಂದ ಪಟ್ಟಿಗೆ ಅಂಕಿ ಯಾಕೆ ಬದಲಾಗುತ್ತದೆ ಅಂದರೆ ತಳಿ ಬೇರೆ, ಮಣ್ಣು ಬೇರೆ, ಕಿತ್ತು ಎಷ್ಟು ದಿನವಾಯಿತು ಎಂಬುದೂ ಬೇರೆ. ಆದರೆ ಯಾವ ಪಟ್ಟಿ ತೆರೆದರೂ ಮೆಣಸಿನಕಾಯಿಯೇ ಮುಂದೆ.

ಒಂದು ನಿಮಿಷ, ಹುಳಿ ಇರುವುದು ಕಿತ್ತಳೆ, ನಿಂಬೆಯಲ್ಲಿ ತಾನೇ? ಮೆಣಸಿನಕಾಯಿಯಲ್ಲಿ ಹುಳಿಯೇ ಇಲ್ಲವಲ್ಲ! ಇಲ್ಲಿಯೇ ಎಷ್ಟೋ ದೊಡ್ಡವರೂ ಎಡವುತ್ತಾರೆ. ನಿಂಬೆಯ ಹುಳಿ ಬಹುಪಾಲು ಸಿಟ್ರಿಕ್ ಆಮ್ಲದ್ದು. ವಿಟಮಿನ್ ಸಿಯೂ ಒಂದು ಆಮ್ಲವೇ, ಆದರೆ ಇರುವುದು ತೀರ ಸ್ವಲ್ಪ. ನಾಲಿಗೆ ಚಟ್ಟೆನ್ನಿಸುವಷ್ಟು ಅದರಿಂದಾಗದು. ಹುಣಸೆಹಣ್ಣನ್ನು ನೆನೆದರೇ ಬಾಯಲ್ಲಿ ನೀರೂರುತ್ತದೆ. ಅದರಲ್ಲಿ ಇರುವ ವಿಟಮಿನ್ ಸಿ 100 ಗ್ರಾಮಿಗೆ ಮೂರೋ ನಾಲ್ಕೋ ಮಿಲಿಗ್ರಾಂ.

ಹಾಗಾದರೆ ಹೆಸರೆಲ್ಲ ಕಿತ್ತಳೆ, ನಿಂಬೆಗಳ ಪಾಲಾದದ್ದು ಹೇಗೆ? ಅದಕ್ಕೆ ಒಂದು ಹಡಗಿನ ಕತೆ ಇದೆ. ಹಿಂದೆ ಸಮುದ್ರದಲ್ಲಿ ತಿಂಗಳುಗಟ್ಟಲೆ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ ತಿಂದುಕೊಂಡಿದ್ದ ನಾವಿಕರಿಗೆ ಸ್ಕರ್ವಿ ಎಂಬ ರೋಗ ಬರುತ್ತಿತ್ತು. ಒಸಡು ಊದಿ ರಕ್ತ ಬರುವುದು, ಹಲ್ಲು ಅಲುಗಾಡುವುದು, ಎಂದೋ ಮಾಯ್ದಿದ್ದ ಗಾಯ ಮತ್ತೆ ಬಾಯಿಬಿಡುವುದು. ನಮ್ಮ ಮೈಯ ಚರ್ಮ, ಒಸಡು, ರಕ್ತನಾಳಗಳನ್ನು ಗೋಡೆಯ ಗಾರೆಯಂತೆ ಹಿಡಿದಿಡುವ ಕೊಲಾಜೆನ್ ಎಂಬ ವಸ್ತು ಇದೆ. ಅದು ಗಟ್ಟಿಯಾಗಬೇಕಾದರೆ ವಿಟಮಿನ್ ಸಿ ಬೇಕೇ ಬೇಕು. ಇದು ಆಗ ಯಾರಿಗೂ ತಿಳಿದಿರಲಿಲ್ಲ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ನೌಕಾಪಡೆಯ ವೈದ್ಯ ಸ್ಕರ್ವಿ ಹಿಡಿದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ವಿನಿಗರ್, ಒಂದಕ್ಕೆ ಸಮುದ್ರದ ನೀರು, ಹೀಗೆ ಒಂದೊಂದಕ್ಕೆ ಒಂದೊಂದು ಮದ್ದು. ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ ಸಿಕ್ಕ ಜೋಡಿ ಆರೇ ದಿನದಲ್ಲಿ ಎಷ್ಟೋ ಚೇತರಿಸಿಕೊಂಡಿತು. ಸಮುದ್ರದ ನೀರು ಕುಡಿದ ಆ ಇಬ್ಬರನ್ನು ನೆನೆದರೆ ನನಗೆ ಇವತ್ತಿಗೂ ಅಯ್ಯೋ ಅನಿಸುತ್ತದೆ. ಆ ಹಡಗಿನಲ್ಲಿ ಒಂದು ಬುಟ್ಟಿ ಹಸಿಮೆಣಸಿನಕಾಯಿ ಇದ್ದು, ಏಳನೆಯ ಜೋಡಿಯೂ ಇದ್ದಿದ್ದರೆ?

ಮೆಣಸಿನಕಾಯಿಯ ಸರದಿ ಬಂದದ್ದು ಇನ್ನೂರು ವರ್ಷಗಳಷ್ಟು ತಡವಾಗಿ, ಹಂಗೇರಿ ದೇಶದ ಸೆಗೆಡ್ ಎಂಬ ಊರಿನಲ್ಲಿ. ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಎಂಬ ವಿಜ್ಞಾನಿ ದನಗಳ ಅಡ್ರಿನಲ್ ಗ್ರಂಥಿಯಿಂದ ಒಂದು ಬಿಳಿಯ ಪುಡಿಯನ್ನು ಬೇರ್ಪಡಿಸಿದ್ದರು. ಅದೇ ವಿಟಮಿನ್ ಸಿ ಎಂದು ಗಿನಿಪಿಗ್‌ಗಳ ಮೇಲಿನ ಪ್ರಯೋಗದಿಂದ ಗೊತ್ತಾಯಿತು. ಅದು ಹೇಗೆ ಕಟ್ಟಿಕೊಂಡಿದೆ ಎಂದು ಅರಿಯಲು ಇನ್ನೂ ಬಹಳಷ್ಟು ಪುಡಿ ಬೇಕಿತ್ತು, ಕೈಯಲ್ಲಿದ್ದದ್ದು ಚಿಟಿಕೆ. ಕಿತ್ತಳೆ, ನಿಂಬೆ ರಸದಿಂದ ತೆಗೆಯೋಣವೆಂದರೆ ಅದರಲ್ಲಿರುವ ಸಕ್ಕರೆ ಅಂಟಿಕೊಂಡು ಬೇರ್ಪಡಲೇ ಒಲ್ಲದು. 1932ರ ಒಂದು ಸಂಜೆ ಊಟಕ್ಕೆ ಅವರ ಹೆಂಡತಿ ತಾಜಾ ಮೆಣಸಿನಕಾಯಿ ಬಡಿಸಿದರು. ಸೆಗೆಡ್ ಅಂದರೆ ಮೆಣಸಿನಕಾಯಿಯ ಊರು, ನಮ್ಮಲ್ಲಿ ಬ್ಯಾಡಗಿ ಇದ್ದಂತೆ. ವಿಜ್ಞಾನಿಗೆ ಅವತ್ತು ಅದು ಬೇಡವಾಗಿತ್ತು. ಆದರೆ ಹೆಂಡತಿಗೆ ಹಾಗೆನ್ನಲು ಧೈರ್ಯವಿಲ್ಲ! ಈ ಕಾಯಿಯನ್ನು ತಾನು ಪರೀಕ್ಷೆ ಮಾಡಿಯೇ ಇಲ್ಲವಲ್ಲ ಎಂದು ಹೊಳೆದದ್ದೇ ನೆಪವಾಗಿ ಅದನ್ನೆತ್ತಿಕೊಂಡು ಪ್ರಯೋಗಾಲಯಕ್ಕೆ ಹೋದರು. ಮಧ್ಯರಾತ್ರಿಯ ಹೊತ್ತಿಗೆ ಗೊತ್ತಾಯಿತು, ಬೇಕಾದದ್ದು ತಟ್ಟೆಯಲ್ಲೇ ಇತ್ತು. ಕೆಲವೇ ವಾರಗಳಲ್ಲಿ ಚಿಟಿಕೆಯ ಬದಲು ಕಿಲೋ ಲೆಕ್ಕದಲ್ಲಿ ವಿಟಮಿನ್ ಸಿ ಕೈಗೆ ಬಂತು. 1937ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ತಮ್ಮ ಈ ಊಟದ ಕತೆಯನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ತಟ್ಟೆಯಲ್ಲಿ ಬಿಟ್ಟ ತರಕಾರಿಗೆ ನೆಪ ಹುಡುಕುವ ಮಕ್ಕಳು ಇದನ್ನು ಬಳಸಿಕೊಳ್ಳಬಾರದು ಎಂದು ನನ್ನ ಕೋರಿಕೆ.

ಇಷ್ಟಾದ ಮೇಲೆ ಮೆಣಸಿನಕಾಯಿಯೇ ಗೆದ್ದಿತು ಎಂದು ಡಂಗುರ ಸಾರಿಬಿಡಬಹುದೇ? ತಡೆಯಿರಿ. ಪಟ್ಟಿಯಲ್ಲಿರುವ ಮೊದಲ ಮಾತನ್ನು ಮತ್ತೆ ಓದಿ: 100 ಗ್ರಾಂ.

ಮನೆಯಲ್ಲಿ ಅಡುಗೆಯ ತಕ್ಕಡಿ ಇದ್ದರೆ ಒಂದು ಹಸಿಮೆಣಸಿನಕಾಯಿ ಇಟ್ಟು ನೋಡಿ. ಸಣ್ಣದಾದರೆ ಮೂರು ಗ್ರಾಂ, ದಪ್ಪಗಿದ್ದರೆ ಆರೇಳು. ಸುಮಾರಿಗೆ ಐದು ಅಂದುಕೊಳ್ಳೋಣ. 100 ಗ್ರಾಂ ಅಂದರೆ 20 ಮೆಣಸಿನಕಾಯಿ! ಯಾರು ತಿನ್ನುತ್ತಾರೆ? ಸಾವಜಿ ಅಡುಗೆಯ ಖಾರಕ್ಕೆ ಹೆಸರಾದ ನಾಗಪುರದಲ್ಲೂ ಒಂದು ಊಟಕ್ಕೆ 20 ಹಸಿಮೆಣಸಿನಕಾಯಿ ಕಚ್ಚುವವರನ್ನು ಹುಡುಕಬೇಕು. ಒಂದು ಮೆಣಸಿನಕಾಯಿಯಿಂದ ಸಿಗುವುದು ಐದೂವರೆ ಮಿಲಿಗ್ರಾಂ. ಸುಲಿದ ಒಂದು ಸಂತ್ರಾ ಹಣ್ಣು ಸುಮಾರು 100 ಗ್ರಾಂ ತೂಗುತ್ತದೆ, ಅದರಿಂದ 30 ಮಿಲಿಗ್ರಾಂ. ಒಂದು ಕಿತ್ತಳೆಗೆ ಸಮ ಬರಬೇಕಾದರೆ ಐದಾರು ಮೆಣಸಿನಕಾಯಿ ತಿನ್ನಬೇಕು. ಹಣ್ಣು ತಿಂದು ಮುಗಿದ ಮೇಲೆ ನೀವು ಇನ್ನೊಂದು ಕೇಳುತ್ತೀರಿ. ಮೆಣಸಿನಕಾಯಿ ಒಂದು ಕಚ್ಚಿದ ಮೇಲೆ ಕೇಳುವುದು ನೀರನ್ನು.

ನಿಮ್ಮ ವಯಸ್ಸಿನವರಿಗೆ ದಿನಕ್ಕೆ ಸುಮಾರು 45ರಿಂದ 55 ಮಿಲಿಗ್ರಾಂ ವಿಟಮಿನ್ ಸಿ ಸಾಕು. ಈಗ ಆ ಲಾರಿಯ ದಾರದ ಲೆಕ್ಕ ಮಾಡಿ. ಏಳು ಮೆಣಸಿನಕಾಯಿಗೆ 39, ನಿಂಬೆಹಣ್ಣಿನ ರಸಕ್ಕೆ ಹತ್ತಿರ ಹತ್ತಿರ 20. ಒಂದು ಮಗುವಿಗೆ ಒಂದು ದಿನಕ್ಕೆ ಬೇಕಾದಷ್ಟು ವಿಟಮಿನ್ ಸಿ ಬಂಪರಿನಲ್ಲಿ ತೂಗಾಡುತ್ತಿದೆ! ಅದು ಕಟ್ಟಿದ ದಿನದ ಲೆಕ್ಕ. ಮರುದಿನದಿಂದಲೇ ಬಿಸಿಲು, ಗಾಳಿ ಸೇರಿ ಅದನ್ನು ಕರಗಿಸತೊಡಗುತ್ತವೆ. ಡೀಸೆಲ್ ಹೊಗೆಯ ಒಗ್ಗರಣೆ ಬೇರೆ.

ಉಪ್ಪಿಟ್ಟಿನ ಲೆಕ್ಕ ಇನ್ನೂ ಬಡಪಾಯಿ. ನಾಲ್ಕು ಜನರ ಉಪ್ಪಿಟ್ಟಿಗೆ ಅಮ್ಮ ಎರಡು ಮೆಣಸಿನಕಾಯಿ ಹೆಚ್ಚಿ ಹಾಕಿದರು ಅನ್ನಿ. ನಿಮ್ಮ ಪಾಲಿಗೆ ಅರ್ಧ. ಅದನ್ನೂ ನೀವು ಬೆರಳಲ್ಲಿ ಹೆಕ್ಕಿ ತಟ್ಟೆಯಂಚಿಗೆ ಇಟ್ಟಿರುತ್ತೀರಿ. ಇಡದೆ ತಿಂದರೂ, ಕಾದ ಎಣ್ಣೆಯಲ್ಲಿ ಚಟಪಟ ಎಂದ ಮೆಣಸಿನಕಾಯಿಯ ವಿಟಮಿನ್ ಸಿಯಲ್ಲಿ ಒಂದಿಷ್ಟು ಅಲ್ಲೇ ಹೋಗಿರುತ್ತದೆ. ಈ ವಿಟಮಿನ್‌ಗೆ ಶಾಖ ಆಗದು, ಗಾಳಿ ಆಗದು, ನೀರಿನಲ್ಲಿ ಕರಗಿ ಹೋಗುವ ಚಾಳಿಯೂ ಇದೆ. ಕಿತ್ತಳೆಯನ್ನು ಯಾರೂ ಒಗ್ಗರಣೆಗೆ ಹಾಕುವುದಿಲ್ಲ. ಅದು ತನ್ನ ಸಿಪ್ಪೆಯೊಳಗೇ ಇದ್ದು, ಹಸಿಯಾಗಿಯೇ ನಿಮ್ಮ ಬಾಯಿಗೆ ಬರುತ್ತದೆ. ಜೊತೆಗೆ ಅದರ ಹುಳಿಯೇ ವಿಟಮಿನ್ ಸಿಗೆ ಕಾವಲು. ಆಮ್ಲದ ನಡುವೆ ಅದು ಬೇಗ ಕೆಡುವುದಿಲ್ಲ.

ಒಣಗಿಸಿದರೆ ಏನಾಗುತ್ತದೆ ನೋಡಿ. 100 ಗ್ರಾಂ ಒಣಮೆಣಸಿನಕಾಯಿ ಆಗಬೇಕಾದರೆ ಮುಕ್ಕಾಲು ಕಿಲೋದಷ್ಟು ಹಣ್ಣುಮೆಣಸಿನಕಾಯಿ ಬೇಕು, ಅದರ ತುಂಬ ನೀರೇ. ಅಮೆರಿಕದ ಪಟ್ಟಿಯ ಪ್ರಕಾರ ಅಷ್ಟು ಹಣ್ಣಿನಲ್ಲಿ ವಿಟಮಿನ್ ಸಿ ಸಾವಿರ ಮಿಲಿಗ್ರಾಂ ದಾಟುತ್ತದೆ. ಬಿಸಿಲಲ್ಲಿ ಒಣಗಿಸಿದ ಮೇಲೆ ಆ 100 ಗ್ರಾಮಿನಲ್ಲಿ ಉಳಿಯುವುದು 31. ಭಿವಾಪುರದ ಅಂಗಳದಲ್ಲಿ, ಬ್ಯಾಡಗಿಯ ಕಣದಲ್ಲಿ ಹಾಸಿದ ಆ ಕೆಂಪು ರಾಶಿಯಿಂದ ವಿಟಮಿನ್ ಸಿ ದಿನದಿನವೂ ಜಾಗ ಖಾಲಿ ಮಾಡುತ್ತಿರುತ್ತದೆ.

ಹಾಗೆಂದು ಒಣಮೆಣಸಿನಕಾಯಿ ಬರಿಗೈ ದಾಸಯ್ಯನಲ್ಲ. ಅದರ ಕೆಂಪು ಬಣ್ಣ ಬರುವುದು ಕ್ಯಾರೊಟಿನಾಯ್ಡ್ ಎಂಬ ಗುಂಪಿನ ವಸ್ತುಗಳಿಂದ. ಆ ಗುಂಪಿನ ಕೆಲವನ್ನು ನಮ್ಮ ಮೈ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ಕಣ್ಣಿಗೆ ಬೇಕಾದ ವಿಟಮಿನ್ ಅದು. ಇವು ಸಿಯಷ್ಟು ನಾಜೂಕಲ್ಲ, ಒಣಗಿದ ಮೇಲೂ ಬೇಕಾದಷ್ಟು ಉಳಿಯುತ್ತವೆ, ಎಣ್ಣೆಯ ಜೊತೆ ಸೇರಿದರೆ ಮೈಗೆ ಚೆನ್ನಾಗಿ ಹತ್ತುತ್ತವೆ. ಅಂದರೆ ಹಸಿಮೆಣಸಿನಕಾಯಿಯ ಸಿಗೆ ಕಂಟಕವಾದ ಒಗ್ಗರಣೆ, ಒಣಮೆಣಸಿನಕಾಯಿಯ ಕ್ಯಾರೊಟಿನಾಯ್ಡ್‌ಗೆ ನೆರವು. ಸಂತ್ರಾ ಹಣ್ಣಿನ ಕಿತ್ತಳೆ ಬಣ್ಣವೂ ಇದೇ ಗುಂಪಿನಿಂದಲೇ ಬಂದದ್ದು. ಉಳಿದಂತೆ ಕಿತ್ತಳೆಯಲ್ಲಿ ನೀರು, ಸಕ್ಕರೆ, ನಾರು, ಫೋಲೇಟ್ ಎಂಬ ಇನ್ನೊಂದು ವಿಟಮಿನ್, ಪೊಟ್ಯಾಸಿಯಂ ಇವೆ. ಮೆಣಸಿನಕಾಯಿಯಲ್ಲೂ ಪೊಟ್ಯಾಸಿಯಂ ಇದೆ, ಆದರೆ ಮತ್ತದೇ ಐದು ಗ್ರಾಮಿನ ಮಾತು.

ಮೇಕೆ ಕಿತ್ತಳೆ ಹಣ್ಣಿಗೆ ಕಾಯುವುದಿಲ್ಲ, ಗೊತ್ತೇ? ಮೇಕೆ, ಹಸು, ನಾಯಿ, ಬೆಕ್ಕು ಎಲ್ಲಕ್ಕೂ ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯಲ್ಲೇ ತಯಾರಿಸಿಕೊಳ್ಳುವ ಶಕ್ತಿ ಇದೆ. ಮೇಕೆಯಂತೂ ದಿನಕ್ಕೆ ಗ್ರಾಂಗಟ್ಟಲೆ ತಯಾರಿಸುತ್ತದೆ. ನಮ್ಮಲ್ಲಿ ಆ ಕೆಲಸದ ಒಂದು ಜೀನ್ ಕೋಟ್ಯಂತರ ವರ್ಷಗಳ ಹಿಂದೆಯೇ ಕೆಟ್ಟು ಕೂತಿದೆ. ಮಂಗಗಳಿಗೂ, ಗಿನಿಪಿಗ್‌ಗಳಿಗೂ ಇದೇ ಪಾಡು. ಪ್ರಯೋಗಕ್ಕೆ ಗಿನಿಪಿಗ್ ಬೇಕಾದದ್ದೂ ಅದಕ್ಕೇ. ತೋಟದಲ್ಲಿ ಹಾರಾಡುವ, ಬಾಲದ ಬುಡ ಕೆಂಪಗಿರುವ ಪಿಕಳಾರ ಹಕ್ಕಿಯೂ ಈ ಸಾಲಿಗೆ ಸೇರಿದ್ದು ಎಂದು 1950ರ ದಶಕದ ಕೊನೆಯಲ್ಲಿ ಕೋಲ್ಕತ್ತದ ವಿಜ್ಞಾನಿಗಳು ತೋರಿಸಿದರು.

ಆದರೆ ಪಿಕಳಾರಕ್ಕೆ ನಮಗಿಲ್ಲದ ಒಂದು ಅನುಕೂಲವಿದೆ. ಮೆಣಸಿನಕಾಯಿಯ ಖಾರ ಅದಕ್ಕೆ ಗೊತ್ತೇ ಆಗುವುದಿಲ್ಲ! ಖಾರ ಒಂದು ರುಚಿಯಲ್ಲ. ಬಿಸಿ ಮುಟ್ಟಿದಾಗ ಉರಿ ಎಂದು ಸುದ್ದಿ ಕಳಿಸುವ ಒಂದು ಗ್ರಾಹಕ ನಮ್ಮ ನರಗಳಲ್ಲಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೋಗಿ ಅದನ್ನೇ ಒತ್ತುತ್ತದೆ. ಬಾಯಿ ಸುಟ್ಟಿರುವುದಿಲ್ಲ, ಸುಟ್ಟಿತೆಂಬ ಸುದ್ದಿ ಮಾತ್ರ ಮಿದುಳಿಗೆ ಹೋಗುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಲ್ಲಿರುವ ಗ್ರಾಹಕ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಇಲಿ ಮೆಣಸಿನಕಾಯಿ ತಿಂದರೆ ಬೀಜವನ್ನೂ ಅಗಿದು ಹಾಕುತ್ತದೆ. ಹಕ್ಕಿ ಬೀಜವನ್ನು ಇಡಿಯಾಗಿ ನುಂಗಿ ಇನ್ನೆಲ್ಲೋ ಉದುರಿಸುತ್ತದೆ. ಗಿಡಕ್ಕೆ ಯಾರ ಸ್ನೇಹ ಲಾಭವೆಂದು ನೀವೇ ಹೇಳಿ.

ಒಂದು ಮೆಣಸಿನಕಾಯಿಯನ್ನು ದೊಡ್ಡವರಿಂದ ಉದ್ದಕ್ಕೆ ಸೀಳಿಸಿ ನೋಡಿ. ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನ ಪಟ್ಟಿ ಕಾಣುತ್ತದೆ. ಖಾರ ತಯಾರಾಗುವುದು ಅಲ್ಲಿ. ಬೀಜ ಖಾರ ಎಂದು ಎಲ್ಲರೂ ಅನ್ನುತ್ತಾರೆ, ಬೀಜಕ್ಕೆ ಅದು ತಗುಲಿಕೊಂಡದ್ದು ಅಷ್ಟೇ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ನೀರು ಕುಡಿದರೆ ಉರಿ ಬಾಯಿತುಂಬ ಹರಡುತ್ತದೆ. ಹಾಲು, ಮೊಸರು ಬೇಡುವ ನಾಲಿಗೆಯೇ ಜಾಣ.

ಕಿತ್ತಳೆ ಗಿಡದಲ್ಲೂ ಹೀಗೆ ನೋಡುವಂಥದ್ದಿದೆ. ಅದರ ಅಥವಾ ನಿಂಬೆಯ ಒಂದು ಎಲೆಯನ್ನು ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಹೊಳೆಯುತ್ತವೆ. ಪರಿಮಳದ ಎಣ್ಣೆ ತುಂಬಿದ ಚೀಲಗಳು ಅವು. ಕರಿಬೇವಿನ ಎಲೆಯಲ್ಲೂ, ಬಿಲ್ವಪತ್ರೆಯಲ್ಲೂ ಇರುತ್ತವೆ, ಎಲ್ಲ ಒಂದೇ ಕುಟುಂಬ. ಮೆಣಸಿನಕಾಯಿಯ ನೆಂಟರು ಟೊಮೆಟೊ, ಬದನೆ, ಆಲೂಗಡ್ಡೆ. ಕಿತ್ತಳೆ, ನಿಂಬೆಗಳ ಪೂರ್ವಜರು ಹಿಮಾಲಯದ ತಪ್ಪಲಿನ ಆಸುಪಾಸಿನವರು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಐನೂರು ವರ್ಷಗಳ ಹಿಂದೆ ನಮ್ಮ ಸಾರಿಗೆ ಖಾರವೆಂದರೆ ಮುಖ್ಯವಾಗಿ ಕಾಳುಮೆಣಸೇ.

ಹೀಗೆ ಎಲ್ಲೆಲ್ಲಿಂದಲೋ ಬಂದವರು ನಮ್ಮ ತಟ್ಟೆಯಲ್ಲಿ ಜಗಳವಾಡುತ್ತಿಲ್ಲ. ನಾಗಪುರದವರು ಬೆಳಗ್ಗೆ ಖಾರದ ರಸ ಸುರಿದ ತರ್ರಿ ಪೋಹಾ ತಿನ್ನುವಾಗ ಮೇಲೆ ನಿಂಬೆ ಹಿಂಡಿಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಣ್ಣುಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ಮೆಂತ್ಯದ ಜೊತೆ ಅರೆದು ನಿಂಬೆರಸ ಬೆರೆಸಿ ರಂಜಕ ಮಾಡುತ್ತಾರೆ. ಒಲೆಯ ಮೇಲಿಡದ ಹಸಿ ಖಾರ, ಕಾವಲಿಗೆ ನಿಂಬೆಯ ಹುಳಿ. ನನ್ನ ಮಟ್ಟಿಗೆ ಈ ಸ್ಪರ್ಧೆಯ ಬಹುಮಾನ ರಂಜಕಕ್ಕೇ. ಜೋಳದ ರೊಟ್ಟಿ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ನಮ್ಮ ಕರುಳು ಅಷ್ಟು ಸುಲಭವಾಗಿ ಹೀರಿಕೊಳ್ಳದು. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೊಳ್ಳುವುದು ಹೆಚ್ಚುತ್ತದೆ. ರೊಟ್ಟಿಯ ಪಕ್ಕದ ಹಸಿಖಾರ, ಬೇಳೆಯ ಮೇಲಿನ ನಿಂಬೆ ಬರೀ ರುಚಿಗಲ್ಲ.

ನಾನು ಹೇಳಿದ್ದನ್ನೆಲ್ಲ ಹಾಗೇ ನಂಬಬೇಡಿ, ಒಂದು ಪ್ರಯೋಗ ಮಾಡಿ. ಮನೆಯ ದೊಡ್ಡವರು ಜೊತೆಗಿರಲಿ. ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್ ಬೇಕು. ಒಂದು ಲೋಟ ನೀರಿಗೆ ತಣ್ಣಗಾದ ಅನ್ನದ ಗಂಜಿ ಒಂದು ಚಮಚ, ಅಯೋಡಿನ್ ಕೆಲವು ಹನಿ. ನೀರು ಕಡುನೀಲಿಯಾಗುತ್ತದೆ. ಇದನ್ನು ಮೂರು ಸಣ್ಣ ಲೋಟಗಳಿಗೆ ಸಮನಾಗಿ ಹಂಚಿ. ಈಗ ಎರಡು ಮೆಣಸಿನಕಾಯಿ ತೂಗಿ, ಹತ್ತು ಗ್ರಾಂ ಆದೀತು. ಸಂತ್ರಾ ಹಣ್ಣಿನ ಒಂದು ತೊಳೆಯೂ ಹತ್ತಿರ ಹತ್ತಿರ ಅಷ್ಟೇ ತೂಗುತ್ತದೆ. ಎರಡನ್ನೂ ಬೇರೆ ಬೇರೆ ಜಜ್ಜಿ, ಒಂದೊಂದಕ್ಕೂ ಅರ್ಧ ಲೋಟ ನೀರು ಬೆರೆಸಿ ಸೋಸಿ. ಮೆಣಸಿನಕಾಯಿ ಜಜ್ಜುವ ಕೆಲಸ ದೊಡ್ಡವರದ್ದೇ. ಸೋಸಿದ ಕೂಡಲೇ ಒಂದು ಲೋಟಕ್ಕೆ ಕಿತ್ತಳೆ ನೀರನ್ನು, ಇನ್ನೊಂದಕ್ಕೆ ಮೆಣಸಿನಕಾಯಿ ನೀರನ್ನು ಹನಿಹನಿಯಾಗಿ ಬಿಡುತ್ತ ಎಣಿಸಿ. ವಿಟಮಿನ್ ಸಿ ಅಯೋಡಿನ್ನನ್ನು ಬದಲಾಯಿಸಿಬಿಡುವುದರಿಂದ ನೀಲಿ ಮಾಯವಾಗುತ್ತದೆ. ಯಾವ ಲೋಟಕ್ಕೆ ಕಡಿಮೆ ಹನಿ ಸಾಕಾಯಿತೋ ಅದರಲ್ಲಿ ಸಿ ಹೆಚ್ಚು. ಮೂರನೆಯ ಲೋಟಕ್ಕೆ ಬಿಳಿ ವಿನಿಗರ್ ಹಾಕಿ. ಹುಳಿಯೇ ಬಣ್ಣ ಕಳೆಯಿತು ಎಂದು ಯಾರಾದರೂ ತಕರಾರು ತೆಗೆದರೆ ಆ ಲೋಟ ತೋರಿಸಿ.

ಆಮೇಲೆ ಇನ್ನೆರಡು ಮೆಣಸಿನಕಾಯಿಯನ್ನು ಹತ್ತು ನಿಮಿಷ ಕುದಿಸಿ, ಅದನ್ನೂ ಅಷ್ಟೇ ನೀರಿನಲ್ಲಿ ಜಜ್ಜಿ, ಹೊಸದಾಗಿ ಮಾಡಿದ ನೀಲಿ ನೀರಿಗೆ ಬಿಟ್ಟು ನೋಡಿ. ಕುದಿಸಿದ ನೀರನ್ನು ಚೆಲ್ಲಬೇಡಿ, ಅದನ್ನೂ ಪರೀಕ್ಷಿಸಿ. ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಲೋಟಗಳ ನೀರನ್ನು ಯಾರೂ ಕುಡಿಯದಂತೆ ಬಚ್ಚಲಿಗೆ ಚೆಲ್ಲಿ. ಕೈಗೆ ಮೊದಲು ಸ್ವಲ್ಪ ಅಡುಗೆ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಅದಾಗುವವರೆಗೆ ಕಣ್ಣು ತುರಿಸಿದರೂ ಕೈ ಅತ್ತ ಹೋಗಬಾರದು.